ಅರಸುಮಗಳು ನೆಲಕ್ಕೆ ಕಾಲಿಟ್ಟ ಕತೆ

"ಕೇಳ್ರಪ್ಪೋ ಕೇಳ್ರಿ! ನವಿಲಗಡದ ಕುಂದರಸರ ಮಗಳು ಮೈಳಲಾದೇವಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಳ. ಮೂರು ಒಗಟು ಒಡ್ಡ್ಯಾಳ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಕೊಡ್ತಾರ. ಒಂದು ತಪ್ಪಿದರೂ ತಲಿ ತಗೀತಾರ!"

ಡಂಗುರದವನು ಹೇಳದೆ ಬಿಟ್ಟದ್ದೊಂದಿತ್ತು. ಮೂರು ತಿಂಗಳಿಂದ ಆ ಅರಸುಮಗಳ ಕಾಲು ನೆಲಕ್ಕೆ ಸೋಕಿರಲಿಲ್ಲ. ಬಸುರಿ ಅಲುಗಾಡಿದರೆ ಕೂಸಿಗೆ ಕುತ್ತು ಎಂದು ರಾಜವೈದ್ಯ ಹೇಳಿದ್ದ, ಅರಸ ಮಗಳನ್ನು ಮಂಚಕ್ಕೆ ಹಾಕಿದ್ದ. "ನಾನು ನಡೆಯಬೇಕು" ಎಂದು ಅವಳು ಹಟ ಹಿಡಿದಾಗ, "ನಿನ್ನ ಮಾತು ಸರಿ ಅನ್ನುವವರು ಒಬ್ಬರಿದ್ದರೆ ತೋರಿಸು" ಎಂದ ಅರಸ. ಬಿಡಿಸಿದವರ ಬಾಯಿಂದಲೇ ಆ ಮಾತು ಬರಲೆಂದು ಅವಳು ಒಗಟು ಹೂಡಿದಳು. ಯಾರೂ ಬಾಯಿ ಬಿಡಬಾರದೆಂದು ತಲೆಯ ಪಣವನ್ನು ಅವನು ಸೇರಿಸಿದ.

ಅರಮನೆಯ ಬೀಸುವ ಕೋಣೆಯಲ್ಲಿ ತಿಪ್ಪವ್ವ ಎಂಬವಳಿದ್ದಳು. ಹುಟ್ಟಿದ ಮಕ್ಕಳು ಉಳಿಯುತ್ತಿಲ್ಲವೆಂದು ತಾಯಿ ಅವಳನ್ನು ತಿಪ್ಪೆಯ ಮೇಲೆ ಉರುಳಿಸಿ ಇಟ್ಟ ಹೆಸರದು. ಅವಳೂ ಎಂಟು ತಿಂಗಳ ಬಸುರಿ. ಒಳಗಿನ ಬಸುರಿ ಏಳಬಾರದು, ಹೊರಗಿನ ಬಸುರಿ ಸುಮ್ಮನೆ ಕೂರಬಾರದು, ಇದು ಅರಮನೆಯ ಕಾರಭಾರಿಯ ಕಾನೂನು. ತಿಪ್ಪವ್ವ ಬೆನ್ನು ನೆಟ್ಟಗೆ ಮಾಡಲು ಕಲ್ಲು ನಿಲ್ಲಿಸಿದರೂ ಅವನು ಬಾಗಿಲಲ್ಲಿ ಹಾಜರು. ಅವಳಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಅಂದು ಹಿಟ್ಟಿನ ಬುಟ್ಟಿ ಹೊತ್ತು ಓಲಗದ ಬಾಗಿಲು ದಾಟುವಾಗ ಒಳಗಿಂದ ಅರಸುಮಗಳ ದನಿ ಕೇಳಿತು. ಮಂಚದ ಸಮೇತ ಅವಳನ್ನು ಹೊತ್ತು ತಂದಿದ್ದರು.

"ಒಡತಿ ನಡೆದಾಡಿದರೆ ಅವನು ನಿದ್ದೆ ಮಾಡುತ್ತಾನೆ. ಒಡತಿ ಮಲಗಿದರೆ ಎದ್ದು ಕುಣಿಯುತ್ತಾನೆ. ಕಿಟಕಿಯಿಲ್ಲದ ಮನೆಯ ಆ ಒಕ್ಕಲು ಯಾರು?"

ಶಾಲು ಹೊದ್ದ ಪಂಡಿತ "ಮನಸ್ಸು" ಎಂದ. ಅವನನ್ನು ಸೆರೆಮನೆಗೆ ಎಳೆದೊಯ್ದರು. ಜೋಯಿಸ ಎಲ್ಲ ಗ್ರಹಗಳನ್ನೂ ಎಣಿಸಿ "ಚಂದ್ರ" ಎಂದ. ಅವನೂ ಹಿಂದೆಯೇ ಹೋದ. ಇಬ್ಬರ ತಲೆಗೂ ಮರುದಿನದ ಗಡುವು.

ತಿಪ್ಪವ್ವನಿಗೆ ನಗು ತಡೆಯಲಾಗಲಿಲ್ಲ.

"ಯಾರದು ನಕ್ಕದ್ದು?" ಅರಸ ಗುಡುಗಿದ. "ಗೊತ್ತಿದ್ದರೆ ಹೇಳು. ತಪ್ಪಿದರೆ ಏನೆಂದು ತಿಳಿದಿದೆಯಲ್ಲ?"

ಅವಳು ಬುಟ್ಟಿ ಇಳಿಸಿ ಒಳಗೆ ಬಂದಳು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಹೆದರಿಕೆಯಾಯಿತು. ಬಾಗಿಲಲ್ಲಿ ಕಾರಭಾರಿ ಹಲ್ಲು ಕಡಿಯುವುದು ಕಂಡಿತು, ಹೆದರಿಕೆಗಿಂತ ಸಿಟ್ಟು ಮುಂದಾಯಿತು.

"ಡಂಗುರದಾಗ ಒಂದು ತಲಿ ಅಂದೀರಿ, ದೊರೀ. ನನ್ನ ಹತ್ರ ಎರಡು ಅದಾವ. ತಪ್ಪಿದ್ರ ಯಾವುದು ತಗೀತೀರಿ, ಅದನ್ನ ಮೊದಲು ಹೇಳ್ರಿ."

ಅರಸ ಸೊಂಟಕ್ಕೆ ಕತ್ತಿ ಕಟ್ಟಿ ಪಕ್ಕದಲ್ಲಿ ನಿಂತಿದ್ದ ಕಟುಕನತ್ತ ನೋಡಿದ, ಕಟುಕ ಅರಸನತ್ತ ನೋಡಿದ. ಮಂಚದ ಮೇಲಿನವಳ ಕಣ್ಣು ಮಿಂಚಿತು.

"ಇರ್ಲಿ, ನಾನ ಹೇಳ್ತೀನಿ," ಎಂದಳು ತಿಪ್ಪವ್ವ. "ಆ ಒಕ್ಕಲು ಹೊಟ್ಟ್ಯಾಗಿನ ಕೂಸು. ನಾ ಅಡ್ಡಾಡಿದ್ರ ತೊಟ್ಟಿಲು ತೂಗಿದಂಗಾಗಿ ಮಲಗ್ತೈತಿ. ನಾ ಅಡ್ಡಾದೆನಂದ್ರ ಒದಿಯಾಕ ಸುರು."

"ಸರಿ!" ಎಂದಳು ಅರಸುಮಗಳು. "ಎರಡನೆಯದು ಕೇಳು. ತಿದಿ ಒಂದೇ, ಅದರ ಗಾಳಿಗೆ ಉರಿಯುವ ಒಲೆ ಎರಡು. ಒಂದು ಒಲೆ ಊರಿಗೆಲ್ಲ ಕಾಣುತ್ತದೆ, ಇನ್ನೊಂದು ಯಾರಿಗೂ ಕಾಣದು. ಏನದು?"

"ತಾಯಿ ಉಸಿರು, ಅಕ್ಕಾವ್ರ. ಒಂದು ಒಲಿ ನಾನು, ಇನ್ನೊಂದು ಕೂಸು. ಕೈಕಾಲು ಆಡಿದ್ರ ಉಸಿರು ತುಂಬಿ ಬರ್ತೈತಿ, ಎದಿ ಗಟ್ಟಿಯಾಗ್ತೈತಿ. ಅದರ ಪಾಲು ಒಳಗಿನ ಜೀವಕ್ಕೂ ಮುಟ್ಟತೈತಿ."

ರಾಜವೈದ್ಯನಿಗೆ ತಡೆಯಲಾಗಲಿಲ್ಲ. "ಬಸುರಿ ಅಂದರೆ ತುಂಬಿದ ಕೊಡ! ಅದನ್ನು ಅಲುಗಿಸುವುದುಂಟೇ?"

"ತುಂಬಿದ ಕೊಡ ತುಳುಕೂದಿಲ್ರಿ, ವೈದ್ಯರ. ಕೊಡ ತುಂಬೂದ ಹೊತ್ಕೊಂಡು ನಡ್ಯಾಕ. ನಿಮ್ಮನ್ಯಾಗ ತುಂಬಿದ ಕೊಡ ಬಾವಿ ಕಟ್ಟಿ ಮ್ಯಾಲೇ ಇಡ್ತೀರೇನು?"

ಓಲಗದಲ್ಲಿ ಯಾರೋ ಕಿಸಕ್ಕೆಂದರು. ಅರಸನಿಗೆ ಮುಖಭಂಗವಾಯಿತು. "ದುಡಿಯದೆ ಗತಿಯಿಲ್ಲದವಳು ನೀನು, ಅದಕ್ಕೇ ದುಡಿತವನ್ನು ಹೊಗಳುತ್ತೀ" ಎಂದ.

"ನಾ ಎಲ್ಲಿ ಹೊಗಳೀನ್ರಿ? ಮೂರನೇದು ಕೇಳಸ್ರಿ."

ಅರಸುಮಗಳು ಮಂಚದ ಅಂಚು ಹಿಡಿದುಕೊಂಡಳು. ಇದೊಂದು ತಪ್ಪಿದರೆ ಇವಳ ತಲೆ ಹೋಗುತ್ತದೆ, ತನಗೆ ಮಂಚವೇ ಗತಿಯಾಗುತ್ತದೆ. "ಔಷಧವೊಂದಿದೆ, ಅಂಗಡಿಯಲ್ಲಿ ಸಿಗದು. ಬಿಟ್ಟರೆ ಮೈ ಜಡ್ಡುಗಟ್ಟುತ್ತದೆ, ಮೀರಿದರೆ ಜೀವಕ್ಕೇ ಕುತ್ತು. ಅಳೆಯುವ ಸಾಧನ ಕೈಯಲ್ಲಿಲ್ಲ, ಬಾಯಲ್ಲಿದೆ. ಔಷಧ ಯಾವುದು, ಅಳತೆ ಯಾವುದು?"

ತಿಪ್ಪವ್ವ ಒಗಟನ್ನು ಬಾಯಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಔಷಧವೇನೋ ತಿಳಿಯಿತು, ಅಳತೆ ಹೊಳೆಯಲಿಲ್ಲ. ಕಟುಕ ಕತ್ತಿಯ ಹಿಡಿಗೆ ಕೈ ಹಾಕಿದ. ಆಗ ಅವಳಿಗೆ ಬೀಸುವ ಕೋಣೆಯ ಹಿರಿಯರು ಮೊದಲ ದಿನ ಕಲಿಸಿದ್ದು ನೆನಪಾಯಿತು.

"ಔಷಧ ಮೈ ಆಡಸೂದು. ಅಳತಿ ಹಾಡು!" ಎಂದಳು. "ಬಸುರಿ ಬೀಸುವಾಗ ಪದ ಹಾಡಬೇಕು. ಹಾಡು ಸರಾಗ ಬಂತಂದ್ರ ಕೆಲಸ ಹದಕ್ಕೈತಿ. ಏದುಸಿರು ಬಂದು ಹಾಡು ಕಡೀತಂದ್ರ ಕಲ್ಲು ಬಿಡಬೇಕು. ತಲಿ ತಿರುಗಿದ್ರ, ನೆತ್ತರ ಕಂಡ್ರ, ಸೂಲಗಿತ್ತಿ ಮಲಗಂದ್ರ ಮಲಗಬೇಕು. ಅಕ್ಕಾವ್ರಿಗೆ ಸೂಲಗಿತ್ತಿ ಮಲಗಂತ ಹೇಳ್ಯಾಳೇನ್ರಿ? ಇಲ್ಲ. ಅಂಜಿ ಮಲಗಿಸಿದವರು ನೀವು. ನನಗ ಹಾಡು ಕಡಿದ್ರೂ ಬೀಸು ಅಂದವರೂ ನಿಮ್ಮವರ. ಇಬ್ಬರ ಕೂಸಿಗೂ ಅನ್ಯಾಯ ಮಾಡೀರಿ."

"ಸರಿ! ಮೂರೂ ಸರಿ!" ಅರಸುಮಗಳು ಅತ್ತೇ ಬಿಟ್ಟಳು.

ಅರಸ ಕಟುಕನಿಗೆ ಹಿಂದೆ ಸರಿಯಲು ಸನ್ನೆ ಮಾಡಿದ. "ಕೊಟ್ಟ ಮಾತಿಗೆ ತಪ್ಪೆನು. ಏನು ಬೇಕು, ಕೇಳು" ಎಂದ.

"ಸೆರಿಮನಿಯಾಗಿನ ಇಬ್ಬರ ತಲಿ ಉಳಸ್ರಿ. ಬಸುರಿ ಒಳಗಿನಾಕಿ ಇರ್ಲಿ, ಹೊರಗಿನಾಕಿ ಇರ್ಲಿ, ಹಾಡು ಇರೂತನಕ ನಡೀಲಿ, ಹಾಡು ಕಡಿದಾಗ ಕುಂದರ್ಲಿ. ಇದನ್ನೂ ಡಂಗುರ ಸಾರಸ್ರಿ. ಮತ್ತ ಈಗ ನನಗ ನಿಂತು ನಿಂತು ಸೊಂಟ ಬಿದ್ದೈತಿ. ಒಂದು ಮಣಿ ಹಾಕಸ್ರಿ."

ಕಾರಭಾರಿಯೇ ಮಣೆ ತಂದು ಹಾಕಬೇಕಾಯಿತು. ತಿಪ್ಪವ್ವ ಅರಸನೆದುರು ಕಾಲು ಚಾಚಿ ಕುಳಿತಳು. ಮೈಳಲಾದೇವಿ ಮಂಚದಿಂದ ಕಾಲು ಇಳಿಬಿಟ್ಟಳು. ಊದಿದ ಪಾದ ನೆಲ ಮುಟ್ಟಿದಾಗ ಅವಳು ತೂರಾಡಿದಳು, ಅರಸ ಹಿಡಿಯಲು ಓಡಿಬಂದ.

"ಅಪ್ಪಾಜಿ, ಬೇಕಾದರೆ ಜೊತೆಗೆ ಬನ್ನಿ" ಎಂದಳು ಮಗಳು. "ಅಡ್ಡ ಮಾತ್ರ ನಿಲ್ಲಬೇಡಿ."

ಅರಸ ಪಕ್ಕಕ್ಕೆ ಸರಿದ. ಅವಳು ಮೆಲ್ಲಗೆ ಹಾಡು ಎತ್ತಿಕೊಂಡು ಹೆಜ್ಜೆಯಿಟ್ಟಳು. ಅವಳ ಸಾಲು ಮುಗಿದಲ್ಲಿ ಮಣೆಯ ಮೇಲೆ ಕೂತವಳು ಮುಂದಿನ ಸಾಲು ಹಿಡಿದಳು.

ದಿನ ತುಂಬಿ ಅವರಿಬ್ಬರೂ ಹೆತ್ತರು, ಕೂಸುಗಳು ಊರಿಗೆ ಕೇಳುವಂತೆ ಅತ್ತವು. ಇಷ್ಟು ಹೊತ್ತು ಕೂತು ಕೇಳಿದಿರಿ, ಇನ್ನು ಎದ್ದು ನಾಲ್ಕು ಹೆಜ್ಜೆ ಅಡ್ಡಾಡಿ ಬನ್ನಿ.