ಹುಲಿಮುಖಕ್ಕೆ ಪ್ರವೇಶ

ಮಾಸ್ಕ್ ಕಡ್ಡಾಯವಾಗಿದ್ದ ದಿನಗಳಲ್ಲಿ ನಮ್ಮೂರ ಮನರಂಜನಾ ಪಾರ್ಕಿನ ಗೇಟಿನಲ್ಲಿ ಕಾನೂನು ಸುವ್ಯವಸ್ಥೆಗೆ ಭಾರಿ ಧಕ್ಕೆ ಒದಗಿತು. ಎಂಟು ವರ್ಷದ ಇಂಚರಾ ಮಾಸ್ಕ್ ಕಿತ್ತೆಸೆದಳು. ಆಟಿಸಂ ಇರುವ ಅವಳಿಗೆ ಕಿವಿಗೆ ದಾರ ತಾಗಿದರೆ ಸಹಿಸಲಾಗದು. ಆದರೆ ಪುಟಾಣಿ ರೈಲು ಹತ್ತಲು ಅವಳು ತಿಂಗಳಿಂದ ದಿನ ಎಣಿಸಿದ್ದಳು.

"ಬೋರ್ಡ್ ಓದ್ರಿ ಅಮ್ಮ. ರೂಲ್ಸ್ ಅಂದ್ರ ರೂಲ್ಸ್," ಎಂದು ಮ್ಯಾನೇಜರ್ ಗೇಟಿನ ಹೊರಗೆ ನಿಂತು ತಾಯಿಗೆ ಗದರಿದರು.

ಟಿಕೆಟ್ ಹರಿಯುವ ನೀಲವ್ವ ಗಟ್ಟಿಯಾಗಿ ಓದಿದಳು: "ಮುಖವಾಡ ಇಲ್ಲದವರಿಗೆ ಪ್ರವೇಶವಿಲ್ಲ." ಮುಖಗವಸು ಎನ್ನಬೇಕಾದಲ್ಲಿ ಹಾಗೆ ಬರೆಸಲಾಗಿತ್ತು.

ನೀಲವ್ವ ಪಕ್ಕದ ಆಟಿಕೆ ಅಂಗಡಿಯಿಂದ ಕೋಲಿಗೆ ಅಂಟಿಸಿದ ರಟ್ಟಿನ ಹುಲಿಮುಖ ತಂದುಕೊಟ್ಟಳು. ಇಂಚರಾ ಅದನ್ನು ಮುಖದ ಮುಂದೆ ಹಿಡಿದು ಗುರ್ರೆಂದಳು.

"ಇದೇನ್ ಮಾಸ್ಕಾ, ನೀಲವ್ವ?" ಎಂದರು ಮ್ಯಾನೇಜರ್.

"ಮುಖವಾಡ ರೀ ಸಾಹೇಬ್ರ. ಬೋರ್ಡ್ ಪ್ರಕಾರ ಈಕಿ ಒಬ್ಬಾಕಿನ ಸರಿ ಅದಾಳ. ನಿಮ್ಮದು ಬರೇ ಮುಖಗವಸು, ನಿಮ್ಮನ್ನ ಒಳಗ ಬಿಡಾಕ ಬರಂಗಿಲ್ಲ."

ಸಾಲಿನಲ್ಲಿದ್ದವರು ನಕ್ಕರು. ಮ್ಯಾನೇಜರ್ ಬೋರ್ಡನ್ನು ಎರಡು ಸಲ ಓದಿದರು. ಕೆಳಗಿನ ಸಹಿಯನ್ನೂ ಓದಿದರು. ಅದು ಅವರದೇ.

ಇಂಚರಾ ತಾಯಿಯೊಡನೆ ರೈಲಿನ ಕೊನೆಯ ಖಾಲಿ ಡಬ್ಬಿಯಲ್ಲಿ ನಾಲ್ಕು ಸುತ್ತು ಹೋದಳು. ಮ್ಯಾನೇಜರ್ ಅದೇ ಅಂಗಡಿಯ ಕರಡಿಮುಖ ಹಿಡಿದು ಒಳಹೊಕ್ಕರು.

ಸೋಮವಾರ ಬೋರ್ಡನ್ನು ತಿದ್ದಲಾಯಿತು. ಮಾಸ್ಕ್ ಸಹಿಸಲಾಗದ ಮಕ್ಕಳಿಗೆ ವಿನಾಯಿತಿ ಎಂಬ ಸಾಲೂ ಸೇರಿತು.