ಎಂಟು ಹೆಗಲಿನ ಒಪ್ಪಂದ

“ನನ್ನ ಮುದ್ರೆ ಬಿದ್ದ ಓಲೆಗೆ ನಾನೇ ತಲೆಬಾಗುತ್ತೇನೆ, ಇನ್ನು ಉಳಿದವರ ಮಾತೇನು!” ಎಂದು ಸಿಂಗನಗಿರಿಯ ದೊರೆ ಮಲ್ಲಭೂಪ ದಿನಕ್ಕೆ ಮೂರು ಸಲವಾದರೂ ಹೇಳುತ್ತಿದ್ದ. ಹಬ್ಬದೂಟವಾದ ದಿನ ನಾಲ್ಕು ಸಲ. ಆಸ್ಥಾನವೆಲ್ಲ ತಲೆದೂಗುತ್ತಿತ್ತು. ವಿದೂಷಕ ಚೌಡರಸ ಮಾತ್ರ ಆ ಮಾತನ್ನು ಮನಸ್ಸಿನಲ್ಲೇ ಗಂಟು ಹಾಕಿ ಇಟ್ಟುಕೊಂಡಿದ್ದ.

ದೊರೆಯ ಪಲ್ಲಕ್ಕಿಗೆ ಎಂಟು ಜನ ಬೋಯಿಗಳು. ಹಿರಿಯ ಮಾಚಣ್ಣ. ಇಪ್ಪತ್ತು ವರ್ಷ ಹೊತ್ತು ಹೊತ್ತು ಅವನ ಬಲ ಹೆಗಲ ಮೇಲೆ ಬೇಲದ ಹಣ್ಣಿನಷ್ಟು ಗಂಟೆದ್ದಿತ್ತು. ಅತ್ತ ದೊರೆಯೂ ಸುಮ್ಮನಿರಲಿಲ್ಲ ನೋಡಿ, ಇಪ್ಪತ್ತು ವರ್ಷ ಹೋಳಿಗೆ ತುಪ್ಪ ಹೊಡೆದು ಎರಡರಷ್ಟಾಗಿದ್ದ! ಹೋದ ಸಲ ಬೆಟ್ಟದ ಏರಿನಲ್ಲಿ ಮಾಚಣ್ಣನ ಮೊಣಕಾಲು ಕುಸಿದಿತ್ತು. “ಇನ್ನೊಮ್ಮೆ ಹೀಗಾದರೆ ನೀನು ನಡೆಯುವ ಆಸೆ ಬಿಡು” ಎಂದಿದ್ದರು ವೈದ್ಯರು.

ಹಾಗಾಗಿ ಎಂಟೂ ಜನ ಅರಮನೆಯ ಮೇಲ್ವಿಚಾರಕನ ಜೊತೆ ಕೂತು, ಮೂರು ದಿನ ಹಗ್ಗಜಗ್ಗಾಡಿ, ಒಂದು ಒಪ್ಪಂದದ ಓಲೆ ಬರೆಸಿದರು. ಕೂಗಳತೆಗೊಮ್ಮೆ ಎಲ್ಲರೂ ಹೆಗಲು ಬದಲಿಸಬೇಕು. ಹರದಾರಿಗೊಮ್ಮೆ ಪಲ್ಲಕ್ಕಿ ಇಳಿಸಿ ಮಜ್ಜಿಗೆ ಕುಡಿಯಬೇಕು. ಮೂರನೆಯದು, ಕಡಿದಾದ ಏರು ಬಂದರೆ ಒಳಗೆ ಕೂತವರು ಇಳಿದು ನಡೆಯಬೇಕು. ಮೇಲ್ವಿಚಾರಕನೂ ರುಜು ಹಾಕಿದ. ಇನ್ನು ರಾಜಮುದ್ರೆಯೊಂದು ಬಿದ್ದರೆ ಅದು ಕಾನೂನು. ಬೀಳದಿದ್ದರೆ ಬರೀ ಒಣಗಿದ ಗರಿ.

ಮುದ್ರೆ ಇದ್ದದ್ದು ಮುದ್ರಾಧಿಕಾರಿ ನರಹರಿ ಪಂಡಿತರ ಚೀಲದಲ್ಲಿ.

“ಎಂಟು ಜನಕ್ಕೆ ಒಂದೇ ಓಲೆಯೇ?” ಪಂಡಿತರು ಮೂಗು ಮುರಿದರು. “ಯಾವ ಶಾಸ್ತ್ರದಲ್ಲಿದೆಯಯ್ಯಾ ಇದು? ಒಬ್ಬೊಬ್ಬರೇ ಬನ್ನಿ. ಒಬ್ಬೊಬ್ಬರಿಗೆ ಒಂದೊಂದು ಓಲೆ.”

“ಬುದ್ಧೀ, ನಾವು ಹೊರೋದು ಒಟ್ಟಿಗೇ ಅಲ್ವಾ?”

“ಹೊರುವುದು ನಿಮ್ಮ ಕೆಲಸ. ಯೋಚಿಸುವುದು ನನ್ನದು.”

ಒಬ್ಬೊಬ್ಬನೇ ಒಳಗೆ ಹೋದ, ಬಾಗಿಲು ಮುಚ್ಚಿತು. ಎಂಟು ಜನ ಸೇರಿದರೆ ಏರುವ ದನಿ, ಒಂಟಿಯಾಗಿ ಪಂಡಿತರ ಎದುರು ನಿಂತರೆ ಏಳುವುದೇ? ಕೊಟ್ಟದ್ದನ್ನು ಹಿಡಿದು ಹೊರಬಂದರು. ಓಲೆಗಳಲ್ಲಿ ಬರೆದದ್ದು ಹೀಗೆ: ಈರ ಯಾವಾಗಲೂ ಓಡುನಡಿಗೆಯಲ್ಲೇ ಹೋಗಬೇಕು. ಕರಿಯ ಎಡ ಹೆಗಲಲ್ಲಿ ಮಾತ್ರ ಹೊರಬೇಕು. ದಾಸನಿಗೂ ಬೊಮ್ಮನಿಗೂ ಆಲದ ಮರದ ಹತ್ತಿರ ವಿಶ್ರಾಂತಿ. ಮಾಚಣ್ಣನಿಗೂ ಉಳಿದವರಿಗೂ ಅದರಾಚೆಯ ಮಂಟಪದ ಹತ್ತಿರ. ಏರಿನ ಮಾತು ಯಾರ ಓಲೆಯಲ್ಲೂ ಇಲ್ಲ.

ಮಾಚಣ್ಣ ಮುದ್ರೆ ಬೀಳದ ಹಳೆಯ ಓಲೆಯನ್ನು ರುಮಾಲಿನಲ್ಲಿ ಸಿಕ್ಕಿಸಿಕೊಂಡು, ಕುಂಟುತ್ತ ಚೌಡರಸನ ಮನೆಗೆ ಹೋದ. “ನಮ್ಮನ್ನು ಎಂಟು ಚೂರು ಮಾಡಿಬಿಟ್ಟರು ಸ್ವಾಮಿ. ನಾಳಿದ್ದೇ ದೊರೆಗಳು ಬೆಟ್ಟದ ಕೋಟೆಗೆ ಹೊರಟಿದ್ದಾರೆ, ಮೊಮ್ಮಗನ ನಾಮಕರಣಕ್ಕೆ. ಆ ಏರು ಹತ್ತಿದರೆ ನನ್ನ ಕಾಲು ಮುಗೀತು.”

“ಎಂಟಕ್ಕೂ ಮುದ್ರೆ ಬಿದ್ದಿದೆಯೇನಯ್ಯಾ?”

“ಬಿದ್ದಿದೆ.”

“ಸಂತೋಷ! ಹಾಗಾದರೆ ಒಂದಕ್ಷರ ತಪ್ಪದ ಹಾಗೆ ನಡೆದುಕೊಳ್ಳಿ. ರಾಜಮುದ್ರೆಗೆ ಅಪಚಾರವಾಗಬಾರದು.”

ಸವಾರಿ ಹೊರಟಿತು. ಪಂಡಿತರು ಕುದುರೆಯ ಮೇಲೆ, ಚೌಡರಸ ಕಾಲ್ನಡಿಗೆಯಲ್ಲಿ. ಊರ ಬಾಗಿಲು ದಾಟುವಷ್ಟರಲ್ಲಿ ಈರ ಓಡುನಡಿಗೆ ಹಿಡಿದ, ಹಿಂದಿನವರು ಹಿಡಿಯಲಿಲ್ಲ. ಎಲ್ಲರೂ ಬಲಕ್ಕೆ ಹೆಗಲು ಬದಲಿಸಿದರೆ ಕರಿಯ ಎಡಕ್ಕೇ ನಿಂತ. ಪಲ್ಲಕ್ಕಿ ಕೇರುವ ಮೊರದ ಹಾಗೆ ಕುಲುಕಾಡಿತು. ದೊರೆಯ ಪೇಟ ಮೂಗಿನ ಮೇಲೆ ಬಂತು.

ಆಲದ ಮರ ಬಂತು. ದಾಸ, ಬೊಮ್ಮ ಪಲ್ಲಕ್ಕಿಯ ಕೋಲು ಬಿಟ್ಟು ನೆರಳಲ್ಲಿ ಕೂತೇಬಿಟ್ಟರು. ಉಳಿದ ಆರು ಜನ ಮಂಟಪದ ಕಡೆ ಹೆಜ್ಜೆ ಹಾಕಿದರು. ಒಂದು ಮೂಲೆ ಧೊಪ್ಪನೆ ಕುಸಿಯಿತು. ದೊರೆ ಹಲಸಿನ ಹಣ್ಣಿನ ಹಾಗೆ ಉರುಳಿ ಕೆಸರಿಗೆ ಬಿದ್ದ.

“ಯಾರಲ್ಲಿ! ಇವರ ತಲೆ ತೆಗೆಯಿರಿ!”

“ತೆಗೆಸಬಹುದು ಪ್ರಭು,” ಎಂದ ಚೌಡರಸ, ಬೋಯಿಗಳಿಂದ ಎಂಟು ಓಲೆಗಳನ್ನು ಈಸಿಕೊಂಡು ಬೀಸಣಿಗೆಯಂತೆ ಬಿಡಿಸಿ ಹಿಡಿದು. “ಆದರೆ ಪಾಪ, ಇವರು ತಮ್ಮ ಮುದ್ರೆಗೆ ತಲೆಬಾಗಿದವರು. ಬಾಗಿದ ತಲೆಯನ್ನೇ ತೆಗೆಸಿದರೆ ನಾಳೆ ಬಾಗುವವರು ಯಾರು?”

ದೊರೆ ಓಲೆಗಳನ್ನು ಓದಿದ. ಪಂಡಿತರ ಕಡೆ ತಿರುಗಿದ. ಪಂಡಿತರು ಕುದುರೆಯ ಕಿವಿಯನ್ನೇ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

“ಇದಕ್ಕೇನು ದಾರಿಯಯ್ಯಾ ಚೌಡರಸ? ಮುಹೂರ್ತ ಮೀರುತ್ತಿದೆ!”

“ಎರಡು ದಾರಿ ಇವೆ ಪ್ರಭು. ಈ ಎಂಟು ಓಲೆ ಉಳಿಯಬೇಕಾದರೆ ತಮ್ಮನ್ನೂ ಎಂಟು ಪಾಲು ಮಾಡಬೇಕು. ಯಾವ ಪಾಲು ಮೊದಲು ಮೊಮ್ಮಗನನ್ನು ನೋಡಬೇಕು ಅಂತ ಅಪ್ಪಣೆಯಾಗಲಿ. ಇಲ್ಲವೋ, ಮಾಚಣ್ಣನ ರುಮಾಲಿನಲ್ಲಿ ಒಂದೇ ಓಲೆ ಇದೆ.”

ದೊರೆ ಪಾಲಾಗಲು ಒಪ್ಪಲಿಲ್ಲ. ಓಲೆಯ ಮೇಲೆ ಅವಸರದಲ್ಲಿ ಕಣ್ಣಾಡಿಸಿ, ಆಲದ ಬುಡದಲ್ಲೇ ಅರಗು ಕಾಯಿಸಿ, ಪಂಡಿತರ ಚೀಲದಿಂದ ಮುದ್ರೆ ಕಿತ್ತುಕೊಂಡು ಒತ್ತಿದ. ಎಂಟು ಚೂರು ಓಲೆಗಳು ಅದೇ ಬೆಂಕಿಗೆ ಬಿದ್ದವು. ಆಮೇಲೆ ಪಲ್ಲಕ್ಕಿ ತೇಲಿತು ನೋಡಿ, ನೀರ ಮೇಲಿನ ಹರಿಗೋಲಿನಂತೆ!

ಬೆಟ್ಟದ ಬುಡ ಬಂತು. ಪಲ್ಲಕ್ಕಿ ಮೆಲ್ಲಗೆ ನೆಲಕ್ಕಿಳಿಯಿತು.

“ಯಾಕೆ ನಿಂತಿರಿ?”

ಚೌಡರಸನೇ ಮುಂದೆ ಬಂದ. “ಮೂರನೇ ಕರಾರು ಪ್ರಭು. ಏರು ಬಂತು.”

“ನಾನು ದೊರೆಯಯ್ಯಾ!”

“ಅದಕ್ಕೇ ಧೈರ್ಯವಾಗಿ ಇಳಿಸಿದೆವು. ಬೇರೆ ಯಾರಾದರೂ ಕೂತಿದ್ದರೆ, ಈ ಮುದ್ರೆಗೆ ತಲೆಬಾಗುತ್ತಾರೋ ಇಲ್ಲವೋ ಎಂಬ ಅನುಮಾನವಿರುತ್ತಿತ್ತು.”

ದೊರೆ ಚೌಡರಸನನ್ನು ದುರುಗುಟ್ಟಿ ನೋಡಿದ. ಆಮೇಲೆ ದೊರೆಯ ಹೊಟ್ಟೆ ಮೊದಲು ಅಲುಗಿತು, ಬಳಿಕ ಮೀಸೆ, ಕೊನೆಗೆ ಬೆಟ್ಟವೆಲ್ಲ ನಗು. ಇಳಿದ. ಕೊರಳ ಸರ ತೆಗೆದು ಚೌಡರಸನಿಗೆ ಹಾಕಿದ. ಮಾಚಣ್ಣನ ಎಡ ಹೆಗಲ ಮೇಲೆ ಕೈಯಿಟ್ಟುಕೊಂಡು ನಾಲ್ಕು ಹೆಜ್ಜೆ ಹತ್ತಿ, ಹಿಂತಿರುಗಿ ನೋಡಿದ. ಪಂಡಿತರು ಇನ್ನೂ ಕುದುರೆಯ ಮೇಲೇ ಇದ್ದರು. ಕುದುರೆ ಒಂದು ಹೆಜ್ಜೆಯನ್ನೂ ಮುಂದಿಡದೆ ನಿಂತುಬಿಟ್ಟಿತ್ತು.

“ಇದಕ್ಕೇನಾಗಿದೆ?” ಪಂಡಿತರು ಗದರಿದರು.

“ಏನಿಲ್ಲ ಪಂಡಿತರೇ,” ಎಂದ ಚೌಡರಸ. “ಅದಕ್ಕೂ ನಾಲ್ಕು ಕಾಲಿವೆ. ಒಂದೊಂದು ಕಾಲಿಗೂ ಬೇರೆ ಬೇರೆ ಓಲೆ ಬರೆದುಕೊಡಿ, ನಡೆಯುತ್ತದೆ.”