ಬೀಸುವವ್ವನ ಹೊಂಡ

ಕರೆಮಟ್ಟಿಯ ಬಸವಣ್ಣನ ಗುಡಿಯ ಹಿಂದೆ ಹಳೆಯ ಹೊಂಡವೊಂದಿದೆ. ಅದರ ಮೇಲಿನ ಸಾಲಿನ ಮೆಟ್ಟಿಲುಗಲ್ಲುಗಳು ಒಂದರಂತೆ ಒಂದಿಲ್ಲ. ಒಂದು ಹೊಸ್ತಿಲಿನದು, ಇನ್ನೊಂದು ಜಗಲಿಯದು, ಮತ್ತೊಂದು ಬಟ್ಟೆ ಒಗೆಯುವ ಬಂಡೆ. ಊರವರು ಇದನ್ನು ಬೀಸುವವ್ವನ ಹೊಂಡ ಎನ್ನುತ್ತಾರೆ. ಆ ಹೆಸರು ಹೇಳುವಾಗ ಹಿರಿಯರು ತಲೆ ತಗ್ಗಿಸುತ್ತಾರೆ. ಭಕ್ತಿಯಿಂದಲೂ ಹೌದು, ನಾಚಿಕೆಯಿಂದಲೂ ಹೌದು.

ಹಿಂದೆ ಒಮ್ಮೆ ಈ ಹೊಂಡ ಹೂಳು ತುಂಬಿ, ಜಾಲಿ ಬೆಳೆದು ಹಾಳುಬಿದ್ದಿತ್ತಂತೆ. ಕೆಳಗಿನ ಓಣಿಯವರು ಹೂಳು ತೆಗೆಯಲಿ ಎಂದು ಮೇಲಿನ ಓಣಿಯವರು, ಅವರೇ ತೆಗೆಯಲಿ ಎಂದು ಇವರು. ಹೀಗೆ ಎರಡು ತಲೆಮಾರು ಕಳೆದವು. ಹೆಂಗಸರು ಹರದಾರಿ ದೂರದ ಹಳ್ಳಕ್ಕೆ ಹೋಗಿ ನೀರು ಹೊರುತ್ತಿದ್ದರು. ಸಂಕವ್ವ ಎಂಬ ಒಂಟಿ ಹೆಂಗಸು ಮಂದಿಯ ಜೋಳ ಬೀಸಿಕೊಟ್ಟು, ಅವರು ಕೊಟ್ಟ ಹಿಡಿ ಹಿಟ್ಟಿನಲ್ಲಿ ಬದುಕುತ್ತಿದ್ದಳು. ಹಳ್ಳದ ದಾರಿಯಲ್ಲಿ ಬಿದ್ದು ಮೊಣಕಾಲು ಸೊಟ್ಟಗಾದ ಮೇಲೆ ಆಕೆಗೆ ಉಳಿದದ್ದು ಒಂದೇ ಆಸೆ: ಸಾಯುವುದರೊಳಗೆ ಈ ಹೊಂಡದ ನೀರು ಕುಡಿಯಬೇಕು. ಒಂದು ಸೋಮವಾರ ಬಸವಣ್ಣನಿಗೆ ಕೈಮುಗಿದು, ಹಿಟ್ಟಿನ ಬುಟ್ಟಿಯಲ್ಲೇ ಹೂಳು ಹೊರತೊಡಗಿದಳು. "ಏನಬೇ ಸಂಕವ್ವ, ಜೋಳ ಸಾಲದಂತ ಕೆಸರು ಬೀಸಾಕ ನಿಂತಿಯೇನು?" ಎಂದು ಊರಗೌಡ ಬರಮಗೌಡ ನಕ್ಕ. "ಹೌದ್ರಿ ಗೌಡ್ರ. ನೀವೂ ಬಂದು ಒಂದು ಹಿಡಿ ಹಾಕ್ರಿ, ನುಣ್ಣಗ ಬೀಸಿಕೊಡ್ತೀನಿ," ಎಂದಳು. ಹನ್ನೊಂದನೆಯ ದಿನ ಒಬ್ಬ ಸೊಸೆ ಬಂದಳು, ಮರುದಿನ ಆಕೆಯ ಅತ್ತೆ. ಹೆಂಗಸರನ್ನು ಕಂಡು ನಾಚಿ ಗಂಡಸರೂ ಗುದ್ದಲಿ ಹಿಡಿದರು. ಎರಡು ತಿಂಗಳಿಗೆ ತಳದಲ್ಲಿ ಸೆಲೆ ಒಡೆಯಿತು.

ಕುಸಿದಿದ್ದ ಮೇಲಿನ ಸಾಲಿಗೆ ಮನೆಗೊಂದು ಕಲ್ಲು ಕೊಡಬೇಕೆಂದಾಯಿತು. ಮುಂದೆ ಜಗಳವಾಗಬಾರದೆಂದು ಬರಮಗೌಡ ಗುಡಿಯ ಮುಂದೆ ಎಲ್ಲರಿಂದ ಆಣೆ ಮಾಡಿಸಿದ: ಯಾರ ಕಲ್ಲೋ ಅವರೇ ಅದನ್ನು ತುಳಿದು ನೀರಿಗಿಳಿಯಬೇಕು, ಇನ್ನೊಬ್ಬರ ಕಲ್ಲಿಗೆ ಕಾಲಿಡಬಾರದು. ಸಂಕವ್ವನ ಮಣ್ಣಿನ ಗುಡಿಸಲಲ್ಲಿ ಬೀಸುಕಲ್ಲಿನ ಹೊರತು ಬೇರೆ ಕಲ್ಲೆಲ್ಲಿ? ಅದರ ಅಡಿಗಲ್ಲನ್ನೇ ಉರುಳಿಸಿಕೊಂಡು ತಂದಳು. ದುಂಡು ಕಲ್ಲು ಸಾಲಿಗೆ ಕೂಡಲಿಲ್ಲ. "ಸೆಲಿ ಬಾಯಿಗೆ ಇದು ಚಂದ," ಎಂದು ತಳದಲ್ಲಿ ಕೂರಿಸಿದರು. ತನ್ನ ಕಲ್ಲು ನೀರಿನ ತಾಯಿ ಗಂಗವ್ವನ ಪಾದದಲ್ಲಿ ಕೂತಿತೆಂದು ಆಕೆ ಹಿಗ್ಗಿದಳು.

ಮಳೆ ಬಂತು, ಹೊಂಡ ತುಂಬಿತು. ಕೊಡ ಹಿಡಿದು ಬಂದ ಸಂಕವ್ವನಿಗೆ ಬರಮಗೌಡ, "ಬಸವಣ್ಣನ ಆಣೆ ಐತಬೇ. ನಿನ್ನ ಕಲ್ಲು ತಳದಾಗೈತಿ, ಅಲ್ಲಿಗೇ ಇಳದು ತುಂಬಿಕೋ," ಎಂದ. ಕೆಲವರು ನಕ್ಕರು. ನನ್ನ ಕಲ್ಲು ತುಳಿಯವ್ವ ಎಂದು ಇನ್ನೊಬ್ಬರು ಹೇಳಲಿ ಎಂದು ಎಲ್ಲರೂ ಕಾದರು, ಯಾರೂ ಹೇಳಲಿಲ್ಲ. ಆಕೆ ದೇವರ ಆಣೆಗೆ ಎದುರಾಡದೆ, ಕುಂಟುತ್ತ ಹಳ್ಳದ ದಾರಿ ಹಿಡಿದಳು. ಹಳ್ಳದ ನಡಿಗೆ ತಪ್ಪಿದ ಹೆಂಗಸರಿಗೆ ಈಗ ಹೊತ್ತು ಮಿಕ್ಕುತ್ತಿತ್ತು. ಸಂಕವ್ವನಿಗೆ ಬೀಸುಕಲ್ಲೂ ಇರಲಿಲ್ಲ, ತಮ್ಮ ಜೋಳ ತಾವೇ ಬೀಸಿಕೊಂಡರು. ಹಿಡಿ ಹಿಟ್ಟು ಕೊಡುವುದು ಯಾರಿಗೂ ನೆನಪಾಗಲಿಲ್ಲ.

ಏಳನೆಯ ವರ್ಷ ಮಳೆ ತಪ್ಪಿ, ಬತ್ತಿದ ಹೊಂಡದ ತಳದಲ್ಲಿ ದುಂಡು ಕಲ್ಲು ಕಂಡಿತು. ಸಂಕವ್ವನ ಶಾಪವೆಂದು ಊರು ನಡುಗಿತು. ಬರಮಗೌಡ ತಾನೇ ಇಳಿದು, ಸೆಲೆಯಲ್ಲಿ ಒಸರುತ್ತಿದ್ದ ನೀರನ್ನು ಒಂದು ತಂಬಿಗೆ ತುಂಬಿ ಗುಡಿಸಲಿಗೆ ಓಡಿದ. ಸಂಕವ್ವ ಕೊನೆಯುಸಿರಲ್ಲಿ ಮಲಗಿದ್ದಳು.

"ಬಾಯಿ ತೆರಿಯವ್ವ, ಹೊಂಡದ ನೀರು ತಂದೀನಿ."

"ಯಾರ ಕಲ್ಲ ಮ್ಯಾಲೆ ನಿಂತು ತುಂಬಿದ್ರಿ, ಗೌಡ್ರ?"

"ನಿಂದಽ, ನಮ್ಮವ್ವ."

"ಆಣೆ ಮುರಿಯೂದು ಇಷ್ಟು ಸಸಾರ ಇತ್ತೇನ್ರಿ?" ಎಂದು ತುಟಿ ಮುಚ್ಚಿದಳು. ನೀರು ಕೆನ್ನೆಯ ಮೇಲೆ ಹರಿದು ಮಣ್ಣಿಗಿಳಿಯಿತು ಎನ್ನುತ್ತಾರೆ.

ಆ ಆಣೆಯನ್ನು ಊರು ಅಂದೇ ಬಿಟ್ಟಿತು. ಇಂದು ಯಾರು ಯಾವ ಕಲ್ಲನ್ನಾದರೂ ತುಳಿಯಬಹುದು, ತಳದ ದುಂಡು ಕಲ್ಲೊಂದನ್ನು ಬಿಟ್ಟು. ಮಳೆ ತಪ್ಪಿದ ಬೇಸಿಗೆಯಲ್ಲಿ ಹೋದವರಿಗೆ ಅದು ಕಾಣುತ್ತದೆ. ಅದರ ಮೇಲೆ ಹಿಡಿ ಜೋಳದ ಹಿಟ್ಟು, ಕುಂಕುಮ. ಹೊಂಡ ತುಂಬಿದ ವರ್ಷಗಳಲ್ಲಿ ಹಿಟ್ಟು ಇಡುವವರಿಲ್ಲ. ಬಸವಣ್ಣ ದಯಾಮಯ, ಊರಿನ ತಪ್ಪನ್ನು ಎಂದೋ ಮನ್ನಿಸಿದ್ದಾನೆ ಎನ್ನುತ್ತಾರೆ ಹಿರಿಯರು. ಅವ್ವ ಮನ್ನಿಸಿದಳೆಂದು ಮಾತ್ರ ಯಾರೂ ಹೇಳುವುದಿಲ್ಲ.